ಗಡ್ಡವಿರುವ ಸೊಸೆ

ಆ ದಿನ ಬೆಳಿಗ್ಗೆ ಸೀರೆಯ ನೆರಿಗೆ ಕೈಗೆ ಸಿಗಲಿಲ್ಲ.

ಹಿಡಿದೆ, ಜಾರಿತು. ಮತ್ತೆ ಹಿಡಿದೆ, ಮತ್ತೆ ಜಾರಿತು. ಗಂಜಿ ಹಾಕಿದ ಹತ್ತಿ ಸೀರೆ, ಜಾರುವ ಜಾತಿಯದಲ್ಲ. ಸೋತದ್ದು ನನ್ನ ಬಲಗೈ ಎಂದು ತಿಳಿಯಲು ಸ್ವಲ್ಪ ಹೊತ್ತು ಬೇಕಾಯಿತು. ಬಾಗಿಲಾಚೆಯಿಂದ ಮಾರ್ಟಿನ್ "ಅಮ್ಮಾ, ಕಾಫಿ" ಎಂದು ಕೂಗಿದ. "ಬಂದೆ" ಎಂದೆ. ಬಾಯಿಂದ ಹೊರಟದ್ದು ಬೇರೇನೋ. ಅವನು ಬಾಗಿಲು ತಳ್ಳಿ ಬಂದು ನನ್ನ ಮುಖ ನೋಡಿದ. ಅರ್ಧ ಉಟ್ಟ ಸೀರೆಯ ಮೇಲೆ ತನ್ನ ಓವರ್‌ಕೋಟು ಹೊದಿಸಿ, ನನ್ನನ್ನು ಎತ್ತಿಕೊಂಡೇ ಮೆಟ್ಟಿಲಿಳಿದ.

ಸ್ಟ್ರೋಕ್.

ಮಾರ್ಟಿನ್ ನನ್ನ ಕಿರಿಯ ಮಗ ರಘುವಿನ ಜೊತೆ ಸ್ಯಾನ್ ಫ್ರಾನ್ಸಿಸ್ಕೋದ ಫ್ಲಾಟಿನಲ್ಲಿ ಎಷ್ಟೋ ವರ್ಷಗಳಿಂದ ಸಂಸಾರ ಮಾಡಿಕೊಂಡಿರುವವನು. ಹೈಸ್ಕೂಲಿನಲ್ಲಿ ಜಿಯಾಗ್ರಫಿ ಮೇಷ್ಟ್ರು. ರಘು ಸೇತುವೆ ಕಟ್ಟುವ ಇಂಜಿನಿಯರು, ಆಗ ಕೆಲಸದ ಮೇಲೆ ಅಲಾಸ್ಕಾಕ್ಕೆ ಹೋಗಿದ್ದ. ನಾನು 1984ರಲ್ಲಿ ಮೈಸೂರಿನಿಂದ ಬಂದು ಮೊದಲು ಇಳಿದದ್ದು ಹತ್ತಿರದ ಡ್ಯಾನ್‌ವಿಲ್‌ನಲ್ಲಿ, ಹಿರಿಯ ಮಗ ಶ್ರೀಧರನ ಮನೆಯಲ್ಲಿ. ಒಂದು ಭಾನುವಾರ ರಘು ಮಾರ್ಟಿನ್‌ನನ್ನು ಊಟಕ್ಕೆ ಕರೆತಂದ. ಸೊಸೆ ಸುಧಾ ನಮಗೆಲ್ಲ ಸ್ಟೀಲ್ ತಟ್ಟೆ ಇಟ್ಟಳು, ಮಾರ್ಟಿನ್‌ಗೆ ಮಾತ್ರ ಪೇಪರ್ ಪ್ಲೇಟು, ಪೇಪರ್ ಲೋಟ. ಯಾಕೆಂದು ಕೇಳಿದರೆ, "ಆ ಏಡ್ಸ್ ಕಾಯಿಲೆ ಅತ್ತೆ, ಟೀವೀಲಿ ತೋರಿಸ್ತಿರ್ತಾರಲ್ಲ" ಎಂದು ಪಿಸುಗುಟ್ಟಿದಳು. ಅವನಿಗೆ ಯಾವ ಕಾಯಿಲೆಯೂ ಇರಲಿಲ್ಲ. ನಮ್ಮ ಮನೆತನದಲ್ಲಿ ಮಡಿ ಮೈಲಿಗೆ ಬಿಟ್ಟು ಎರಡು ತಲೆಮಾರಾಗಿತ್ತು. ಇವರು ಅಮೆರಿಕಾಕ್ಕೆ ಬಂದು, ಮಾಸ್ಟರ್ಸ್ ಡಿಗ್ರಿ ತೆಗೆದುಕೊಂಡು, ಅದನ್ನು ಮತ್ತೆ ಹುಡುಕಿ ತೆಗೆದಿದ್ದರು. ವಾಟ್ ಪ್ರೋಗ್ರೆಸ್! ಆ ವಾರವೇ ನಾನು ಪೆಟ್ಟಿಗೆ ಕಟ್ಟಿ ರಘುವಿನ ಮನೆಗೆ ಬಂದುಬಿಟ್ಟಿದ್ದೆ.

ಆಸ್ಪತ್ರೆಯಲ್ಲಿ ನನ್ನ ಬಿ.ಪಿ. ಮಾತ್ರೆಯ ಹೆಸರು, ನಾನು ಎಡಮಗ್ಗುಲಲ್ಲಿ ಮಲಗುವುದು, ಪೆನಿಸಿಲಿನ್ ಆಗದಿರುವುದು, ಎಲ್ಲವನ್ನೂ ಮಾರ್ಟಿನ್ನೇ ಹೇಳಿದ. ಅವನ್ನೆಲ್ಲ ಬರೆದುಕೊಂಡ ಮೇಲೆ ಕೌಂಟರಿನ ಹೆಂಗಸಿಗೆ ಅವನು ಯಾರೆಂಬ ಪ್ರಶ್ನೆ ಹುಟ್ಟಿತು.

"ಇವರ ಮಗನ ಜೊತೆ ಇರೋನು" ಎಂದ ಅವನು. ಸುಳ್ಳು ಹೇಳಲು ಬಾರದ ಪ್ರಾಣಿ.

"ಐಸಿಯುಗೆ ಇಮೀಡಿಯೆಟ್ ಫ್ಯಾಮಿಲಿ ಓನ್ಲಿ."

ಅವನನ್ನು ಕಾರಿಡಾರಿಗೆ ಅಟ್ಟಿದರು. ಸಂಜೆಯ ಹೊತ್ತಿಗೆ ನನ್ನ ಮಾತು ಅರ್ಧ ಮರಳಿತ್ತು. ಅದೇ ಹೆಂಗಸು ಬಂದು, ತೊಟ್ಟಿಲ ಮಗುವಿನ ಮೇಲೆ ಬಾಗುವಂತೆ ಬಾಗಿ ಕೇಳಿದಳು: "ಹೊರಗೆ ಕೂತಿರೋ ಮನುಷ್ಯ ನಿಮಗೆ ಏನಾಗಬೇಕು, ಹನಿ?"

ಹನಿಯಂತೆ! ಮೂವತ್ತು ವರ್ಷ ಹುಡುಗಿಯರಿಗೆ ಇಂಗ್ಲಿಷ್ ಗ್ರಾಮರ್ ಕಲಿಸಿದವಳು ನಾನು. ನಿಧಾನವಾಗಿ ಸರಿಯಾದ ಶಬ್ದ ಹುಡುಕಿದೆ. ಫ್ರೆಂಡ್ ಎಂದರೆ ಮಧ್ಯಾಹ್ನ ಟೀಗೆ ಬಂದು ಹೋಗುವವರು. ಟೆನೆಂಟ್ ಅಲ್ಲ. ಮಗ ಅಲ್ಲ, ಮಗ ರಘು. ಮಗನ ಮನೆಯಲ್ಲಿ ನನ್ನ ಊಟ ನಿದ್ದೆ ನೋಡಿಕೊಂಡು, ನಾನು ಮಾತ್ರೆ ಮರೆತರೆ ರೇಗಿ, ನಾನು ರೇಗಿದರೆ ಮುಖ ಊದಿಸಿಕೊಂಡು ಅಡುಗೆಮನೆ ಸೇರುವವರಿಗೆ ನಾವು ಏನನ್ನುತ್ತೇವೆ?

"ಡಾಟರ್-ಇನ್-ಲಾ" ಎಂದೆ.

ಆಕೆ ನನ್ನ ಕೆನ್ನೆ ತಟ್ಟಿ ಏನೋ ಬರೆದುಕೊಂಡು ಹೋದಳು. ಏನು ಬರೆದಳೆಂದು ಮಾರನೆಯ ದಿನ ಶ್ರೀಧರ ಬಂದಾಗ ತಿಳಿಯಿತು.

ಪೇಷೆಂಟ್ ಕನ್ಫ್ಯೂಸ್ಡ್.

ಶ್ರೀಧರನಿಗೆ ಕೌಂಟರು ಸಲಾಮು ಹೊಡೆಯಿತು. ಮಾರ್ಟಿನ್ ಬರೀ ರೂಮ್‌ಮೇಟ್ ಎಂದು ಅವನೇ ಅವರಿಗೆ ತಿಳಿಸಿ ಬಂದಿದ್ದ. ಹಾಸಿಗೆಯ ಪಕ್ಕ ನಿಂತು ಕಾರಿನ ಕೀ ತಿರುಗಿಸುತ್ತಾ ಹೇಳಿದ: "ಅಮ್ಮ, ನಮ್ಮನೆ ಹತ್ರಾನೇ, ಡಬ್ಲಿನ್ ಅನ್ನೋ ಊರಲ್ಲಿ ಒಂದು ನರ್ಸಿಂಗ್ ಹೋಮು ನೋಡಿದೀವಿ. ತುಂಬಾ ನೀಟಾಗಿದೆ. ದೊಡ್ಡ ಲಾನ್ ಇದೆ."

"ನಾನೇನು ಹಸುವೇನೋ, ಲಾನ್ ಇದೆ ಅಂತ ಬರೋಕೆ?"

"ನಮ್ಮನೇಗೇ ಕರ್ಕೊಂಡು ಹೋಗೋಣಾಂದ್ರೆ ಮೆಟ್ಟಿಲು ಜಾಸ್ತಿ ಅತ್ತೆ" ಎಂದಳು ಸುಧಾ. "ನಾವಿಬ್ರೂ ಆಫೀಸು ಬೇರೆ."

"ರಘು ಮನೇಗೇ ಹೋಗ್ತೀನಿ. ಮಾರ್ಟಿನ್ ನೋಡ್ಕೋತಾನೆ."

"ಅವನ್ಯಾರಮ್ಮ ನಿನಗೆ?" ಶ್ರೀಧರ ದನಿ ತಗ್ಗಿಸಿದ. "ಲೀಗಲಿ ನೋಬಡಿ. ನಿನಗೆ ಕನ್ಫ್ಯೂಷನ್ ಇದೆ ಅಂತ ಚಾರ್ಟಲ್ಲೇ ಬರೆದಿದಾರೆ. ಹೀಗಿರೋವಾಗ ನಾನೇ ಡಿಸೈಡ್ ಮಾಡ್ಬೇಕಾಗತ್ತೆ."

ನನ್ನ ಮಗ ಹೇಳಿದ್ದರಲ್ಲಿ ಒಂದೂ ಸುಳ್ಳಿರಲಿಲ್ಲ. ಅದೇ ನನಗೆ ಹೆಚ್ಚು ಹೇಸಿಗೆಯಾದದ್ದು.

ರಘು ಅಲಾಸ್ಕಾದಿಂದ ಫೋನ್ ಮಾಡಿ, ಅಲ್ಲಿ ಹಿಮಕ್ಕೆ ವಿಮಾನ ನಿಂತಿದೆ ಎಂದು ಅತ್ತ. ತನಗೂ ಮಾರ್ಟಿನ್‌ಗೂ ಗೆಳತಿಯಾದ, ಲಾಯರು ರೂತ್‌ಳನ್ನು ಕಳಿಸಿದ. ಮಾರ್ಟಿನ್‌ಗೆ ತೆರೆಯದ ಬಾಗಿಲು ಬ್ರೀಫ್‌ಕೇಸಿಗೆ ತೆರೆಯಿತು. ಕ್ಯಾಲಿಫೋರ್ನಿಯಾದ ಕಾನೂನು ಏನೆಂದು ಅವಳನ್ನು ಕೇಳಿದೆ. ಅವಳು ಹೇಳಿದ್ದನ್ನು ನನ್ನ ಮಾತಿನಲ್ಲಿ ಬರೆಯುತ್ತೇನೆ: ಇಬ್ಬರು ಗಂಡಸರು ಒಟ್ಟಿಗೆ ಬಾಳಿದರೆ ಈಗ ಪೊಲೀಸರು ಹಿಡಿದೊಯ್ಯುವುದಿಲ್ಲ. ಆ ದೊಡ್ಡ ಉಪಕಾರದ ನಂತರ ಕಾನೂನು ಸುಸ್ತಾಗಿ ಕೂತಿದೆ. ಮದುವೆ ಇಲ್ಲ. ಜೊತೆಗಾರರನ್ನು ಲೆಕ್ಕಕ್ಕೆ ತೆಗೆದುಕೊಳ್ಳಿ ಎಂದು ಊರಿನಲ್ಲಿ ಒಂದು ಪ್ರಯತ್ನ ನಡೆದು, ಅದೂ ನಿಂತುಹೋಯಿತು. ನಾಳೆ ರಘುವೇ ಪ್ರಜ್ಞೆ ತಪ್ಪಿ ಮಲಗಿದರೆ ಡಾಕ್ಟರು ಕೇಳುವುದು ನನ್ನನ್ನು, ನನ್ನ ನಂತರ ಶ್ರೀಧರನನ್ನು. ಮಾರ್ಟಿನ್‌ನ ಸ್ಕೂಲು ನನಗಾಗಿ ಅವನಿಗೆ ರಜೆ ಕೂಡ ಕೊಡಲಿಲ್ಲ. "ಯಾರ ತಾಯಿ? ನಿನ್ನ ತಾಯಿಯಲ್ಲ, ನಿನ್ನ ಹೆಂಡತಿಯ ತಾಯಿಯೂ ಅಲ್ಲ" ಎಂದರಂತೆ.

"ಒಂದೇ ಒಂದು ದಾರಿ ಇದೆ" ಎಂದಳು ರೂತ್. "ನನಗೆ ಪ್ರಜ್ಞೆ ಇಲ್ಲದಾಗ ನನ್ನ ಚಿಕಿತ್ಸೆ ಇಂಥವರು ನಿರ್ಧರಿಸಲಿ ಅಂತ ನೀವು ಪವರ್ ಆಫ್ ಅಟಾರ್ನಿ ಬರೆದುಕೊಡಬಹುದು. ಹೊಸ ಕಾನೂನು. ಸಂಬಂಧಿಕರೇ ಆಗಬೇಕಿಲ್ಲ, ಯಾರಾದರೂ ಆಗಬಹುದು."

ಅಂದರೆ ಸೊಸೆಯೆಂದು ಅವನು ಒಳಗೆ ಬರುವಂತಿಲ್ಲ. ಅಪರಿಚಿತನೆಂದು ಬರಬಹುದು. ಎಂಥ ಘನವಾದ ಬುದ್ಧಿವಂತಿಕೆ!

"ಆದರೆ ನಿಮ್ಮ ಬುದ್ಧಿ ಸ್ವಾಧೀನದಲ್ಲಿದೆ ಅಂತ ಮೊದಲು ಡಾಕ್ಟರು ಒಪ್ಪಬೇಕು. ನಾಳೆ ನ್ಯೂರಾಲಜಿಸ್ಟ್ ಬರ್ತಾರೆ. ಮಾರ್ಟಿನ್ ಯಾರು ಅಂದರೆ ದಯವಿಟ್ಟು 'ಫ್ಯಾಮಿಲಿ ಫ್ರೆಂಡ್' ಅನ್ನಿ. ಅಷ್ಟೇ ಸಾಕು."

ಸಂಜೆಯೆಲ್ಲ ಅದನ್ನೇ ಯೋಚಿಸಿದೆ. ಫ್ಯಾಮಿಲಿ ಫ್ರೆಂಡ್. ಎರಡು ಶಬ್ದ. ತೊದಲದೆ ಹೇಳಬಲ್ಲೆ. ಹೇಳಿದರೆ ಮನೆ, ಹೇಳದಿದ್ದರೆ ಲಾನು. ನನ್ನ ಅತ್ತೆ ನೆನಪಾದರು. ಅವರು ಮಲಗಿದಷ್ಟು ಕಾಲ ನಾನೇ ಅವರನ್ನು ಮೀಸಿದ್ದೆ, ಉಣಿಸಿದ್ದೆ, ಬೈಸಿಕೊಂಡಿದ್ದೆ. ಬೈಯುವಾಗ ಅವರ ದನಿಯಲ್ಲಿದ್ದ ಸಲಿಗೆಯನ್ನು ಆಮೇಲೆ ಯಾರೂ ನನಗೆ ಕೊಡಲಿಲ್ಲ. ಮೈಸೂರಿನ ಆಸ್ಪತ್ರೆಯಲ್ಲಿ ನೀನು ಯಾರೆಂದು ಯಾವ ನರ್ಸೂ ಕೇಳಲಿಲ್ಲ. ಕೈಯಲ್ಲಿ ಗಂಜಿ ಪಾತ್ರೆ ಇತ್ತು. ಅದೇ ಸಾಕಾಗಿತ್ತು.

ನ್ಯೂರಾಲಜಿಸ್ಟ್ ಎಳೆಯ ವಯಸ್ಸಿನವನು. ಇಂದು ಯಾವ ವಾರ? ಹೇಳಿದೆ. ನೂರರಿಂದ ಏಳೇಳು ಕಳೆಯಿರಿ. ಕಳೆದೆ. ಪ್ರೆಸಿಡೆಂಟ್ ಯಾರು? ಹೆಸರು ಹೇಳಿದೆ, ಕೇಳದಿದ್ದರೂ ನನ್ನ ಅಭಿಪ್ರಾಯವನ್ನೂ ಹೇಳಿದೆ. ಶ್ರೀಧರ ಕಿಟಕಿಯ ಬಳಿ ನಿಂತಿದ್ದ. ರೂತ್ ಹಟ ಹಿಡಿದು ಮಾರ್ಟಿನ್‌ನನ್ನು ಬಾಗಿಲವರೆಗೆ ಕರೆಸಿದ್ದಳು. ಕಾರಿಡಾರಿನ ಕುರ್ಚಿಯಲ್ಲಿ ಮಲಗಿ ಅವನ ಗಡ್ಡ ಕೋಳಿ ಕೆದರಿದ ಕಸದಂತಾಗಿತ್ತು.

"ಈತ ಯಾರು, ಮ್ಯಾಡಂ?"

ರೂತ್ ನನ್ನನ್ನೇ ನೋಡಿದಳು.

"ಮೈ ಡಾಟರ್-ಇನ್-ಲಾ" ಎಂದೆ.

ಶ್ರೀಧರ "ನೋಡಿದಿರಾ?" ಎಂದ. ಡಾಕ್ಟರು ಪೆನ್ನು ಎತ್ತಿದ.

"ಬರೆಯೋದನ್ನು ನಿಲ್ಲಿಸು" ಎಂದೆ. ಕ್ಲಾಸಿನ ದನಿ ಎಲ್ಲಿತ್ತೋ, ಬಂತು. "ಅವನು ಗಂಡಸು. ಗಡ್ಡ ನನಗೂ ಕಾಣ್ತಿದೆ. ನನ್ನ ಮಗ ಅವನ ಜೊತೆ ಬಾಳ್ತಾನೆ, ಗಂಡ ಹೆಂಡತಿ ಬಾಳೋ ಹಾಗೆ. ನಮ್ಮಲ್ಲಿ ಮಗನ ಜೊತೆ ಬಾಳೋರನ್ನ, ಅತ್ತೇನ ನೋಡ್ಕೊಳ್ಳೋರನ್ನ ಸೊಸೆ ಅಂತೀವಿ. ನಿಮ್ಮ ಕಾನೂನಿನ ಹತ್ರ ಇದಕ್ಕೆ ಶಬ್ದ ಇಲ್ಲ. ಇಲ್ಲದಿದ್ದರೆ ಅದು ಕಾನೂನಿನ ಸ್ಟ್ರೋಕ್, ನನ್ನದಲ್ಲ."

ಮಾರ್ಟಿನ್ ಬಾಗಿಲಿನ ಚೌಕಟ್ಟು ಹಿಡಿದುಕೊಂಡ.

ಡಾಕ್ಟರು ಕೊನೆಗೆ, "ಇವರಿಗೆ ಕನ್ಫ್ಯೂಷನ್ ಇಲ್ಲ. ಬೇರೆಯವರಿಗೆ ಇರಬಹುದು" ಎಂದು ಹೇಳಿ ಹಾಗೆಯೇ ಚಾರ್ಟು ತಿದ್ದಿದ. ಆ ಊರಿನಲ್ಲಿ ನಾನು ಕಂಡ ಮೊದಲ ವಿದ್ಯಾವಂತ.

ಅಂದೇ ಇಬ್ಬರು ಸಾಕ್ಷಿಗಳ ಎದುರು ಸಹಿ ಮಾಡಿದೆ. ಬಲಗೈ ಏಳಲಿಲ್ಲ. ಕಾನ್ವೆಂಟಿನ ನನ್ನ ಕರ್ಸಿವ್ ಕಂಡು ಸಿಸ್ಟರುಗಳು ಹೆಮ್ಮೆಪಡುತ್ತಿದ್ದರು. ಎಡಗೈಯಲ್ಲಿ ಅದು ಕುಡಿದ ಇರುವೆಯ ನಡಿಗೆಯಾಯಿತು. ಶ್ರೀಧರ ಲಿಫ್ಟಿನವರೆಗೂ ಮುಖ ತಿರುಗಿಸಿಕೊಂಡೇ ಹೋದ.

"ಜನ ಏನಂತಾರೋ ಅತ್ತೆ" ಎಂದಳು ಹಿಂದುಳಿದ ಸುಧಾ.

"ನನಗೆ ಪಾರ್ಶ್ವವಾಯು ಹೊಡೆದಾಗ ಆ ಜನದಲ್ಲಿ ಒಬ್ಬರೂ ಬರಲಿಲ್ಲವಲ್ಲಮ್ಮ. ಈಗ ಮಾತಾಡೋಕೆ ಬರ್ತಾರಾ? ಬರಲಿ, ಕಾಫಿ ಕೊಡೋಣ."

ಈಗ ಮನೆಯಲ್ಲಿದ್ದೇನೆ. ಬೆರಳುಗಳು ಅರ್ಧ ಮಾತ್ರ ಮಡಚುತ್ತವೆ. ಪೂರ್ತಿ ಮಡಚುವ ಭರವಸೆಯನ್ನು ಯಾರೂ ಕೊಟ್ಟಿಲ್ಲ, ನಾನೂ ಕೇಳಿಲ್ಲ. ರಘು ಬಂದಿಳಿದ ವಾರವೇ ಅವನೂ ಮಾರ್ಟಿನ್ನೂ ಒಬ್ಬರಿಗೊಬ್ಬರು ಅದೇ ಕಾಗದ ಬರೆದುಕೊಳ್ಳುವಂತೆ ಎದುರು ಕೂತು ಮಾಡಿಸಿದೆ. ಒಂದೇ ತಟ್ಟೆಯಲ್ಲಿ ಉಣ್ಣುವವರು ತಾವು ಅಪರಿಚಿತರೆಂದು ಬರೆದುಕೊಂಡರೆ ಮಾತ್ರ ಆಸ್ಪತ್ರೆಯಲ್ಲಿ ಹತ್ತಿರದವರಾಗುವ ರಾಜ್ಯಕ್ಕೆ ನಾನು ಥ್ಯಾಂಕ್ಸ್ ಹೇಳಲಾರೆ. ಹೇಳಬೇಕಾದವನಿಗೂ ಹೇಳಿಲ್ಲ. ಸೊಸೆಗೆ ಥ್ಯಾಂಕ್ಸ್ ಹೇಳುವ ಅಭ್ಯಾಸ ನಮ್ಮಲ್ಲಿಲ್ಲ.

ಈಗ ನನ್ನ ತಕರಾರು ಬೇರೆ. ಬಿ.ಪಿ. ಎಂದು ಮಾರ್ಟಿನ್ ನನ್ನ ಮಾವಿನಕಾಯಿ ಉಪ್ಪಿನಕಾಯಿಯ ಜಾಡಿಯನ್ನು ಕೈಗೆಟುಕದ ಶೆಲ್ಫಿಗೆ ಏರಿಸಿದ್ದಾನೆ. ನಿನ್ನೆ ರೂತ್‌ಗೆ ಫೋನ್ ಮಾಡಿ ಕೇಳಿದೆ, ನಾನು ಬರೆದುಕೊಟ್ಟ ಕಾಗದದಲ್ಲಿ ಈ ಅಧಿಕಾರವೂ ಇದೆಯೇ ಎಂದು.

"ಇಲ್ಲ. ನಿಮ್ಮ ಬುದ್ಧಿ ನೆಟ್ಟಗಿರೋವರೆಗೆ ಉಪ್ಪಿನಕಾಯಿ ನಿಮ್ಮ ಹಕ್ಕು" ಎಂದಳು.

ಅದನ್ನು ಹಾಗೆಯೇ ಅವನಿಗೆ ಹೇಳಿದೆ. ಅವನು ಮಜ್ಜಿಗೆ ಅನ್ನ ಕಲಸಿ, ಚಮಚವನ್ನು ನನ್ನ ಎಡಗೈಗೆ ಕೊಟ್ಟ.

"ಕೋರ್ಟಿಗೆ ಹೋಗಿ, ಅಮ್ಮಾ" ಎಂದ.

ಸಪ್ಪೆ ಅನ್ನ. ಬೈದುಕೊಂಡೇ ಪೂರ್ತಿ ತಿಂದೆ.