ಟೈಲರಣ್ಣನ ಹೊಟ್ಟೆಯೊಳಗಿನ ಅತ್ತೆ

ತೂಕ ಇಳಿಸಲೆಂದು ಆಪರೇಷನ್ ಮಾಡಿಸಿ ಜಠರಕ್ಕೆ ಬ್ಯಾಂಡ್ ಬಿಗಿಸಿಕೊಂಡು ಬಂದಾಗಿನಿಂದ ಟೈಲರಣ್ಣನ ಹೊಟ್ಟೆಯಲ್ಲಿ ಒಬ್ಬ ಅತ್ತೆ ಬಂದು ಕೂತಿದ್ದಾಳೆ, ಅವನದೋ ಹೊಸ ಸೊಸೆಯ ಪಾಡು. "ಅತ್ತೆ ಒಪ್ಪಬೇಕಲ್ಲ" ಎನ್ನುತ್ತಾ ಒಂದೇ ತುತ್ತನ್ನು ಎಮ್ಮೆ ಮೆಲುಕು ಹಾಕಿದಂತೆ ಅಗಿಯುತ್ತಾನೆ. ಅಷ್ಟರಲ್ಲಿ ಹೆಂಡತಿ ಉಂಡು, ಪಾತ್ರೆ ತೊಳೆದು, ಒಂದು ನಿದ್ದೆಯನ್ನೂ ಮುಗಿಸಿರುತ್ತಾಳೆ. ಅಂಗಡಿಯಲ್ಲಿ ಯಾರೋ ಕೊಟ್ಟ ಬಿಸ್ಕತ್ತನ್ನು ಗಬಕ್ಕನೆ ನುಂಗಿದನೋ, ಅತ್ತೆ ಬಾಗಿಲು ಹಾಕಿಕೊಂಡುಬಿಡುತ್ತಾಳೆ. ಆಗ ಎದೆ ನೀವಿಕೊಳ್ಳುತ್ತಾ, "ತಪ್ಪಾಯ್ತಮ್ಮಾ, ಬಾಗಿಲು ತೆಗಿ" ಎಂದು ಬೇಡುತ್ತಾ ಅಂಗಡಿ ತುಂಬ ಅಲೆಯುತ್ತಾನೆ; ಅಳತೆಗೆಂದು ಕುತ್ತಿಗೆಗೆ ಟೇಪು ಸುತ್ತಿಸಿಕೊಂಡ ಗಿರಾಕಿ, ಹಗ್ಗ ಕಟ್ಟಿದ ಕರುವಿನಂತೆ ಅವನ ಹಿಂದೆಯೇ ಸುತ್ತುತ್ತಾನೆ. ಗುಡಾಣದಂಥ ಹೊಟ್ಟೆ ಕರಗಿದ ಮೇಲೆ ತನ್ನ ಪ್ಯಾಂಟುಗಳನ್ನೆಲ್ಲ ತಾನೇ ಬಿಗಿ ಮಾಡಿಕೊಂಡಿದ್ದಾನೆ. ಆದರೆ ಮಿಕ್ಕ ಬಟ್ಟೆಗೆ ಕತ್ತರಿ ಹಾಕಿಲ್ಲ. ಅಷ್ಟನ್ನೂ ಒಳಗೇ ಒಂದೇ ಬದಿಗೆ ಮಡಚಿ ಹೊಲಿದಿರುವುದರಿಂದ, ಕೂತಾಗಲೆಲ್ಲ ದಿಂಬಿನ ಅಂಚಿನಲ್ಲಿ ಕೂತವನಂತೆ ಒಂದು ಕಡೆಗೆ ವಾಲುತ್ತಾನೆ. "ಅದನ್ನ ಕತ್ತರಿಸಿ ಬಿಸಾಕಬಾರದಾ?" ಎಂದು ಹೆಂಡತಿ ಕೇಳಿದರೆ, ದನಿ ತಗ್ಗಿಸಿ, "ಆ ದಪ್ಪನೆಯವನು ವಾಪಸ್ ಬಂದುಬಿಟ್ರೆ ಏನು ಹಾಕ್ಕೋತಾನೆ?" ಎನ್ನುತ್ತಾನೆ. ಅವಳು ಪ್ಯಾಂಟು ಮಡಚಿಡುತ್ತಾ ಹೇಳುತ್ತಾಳೆ: "ಬಂದ್ರೆ ಬರಲಿ ಬಿಡಿ. ನಾನು ಮದುವೆ ಆಗಿದ್ದು ಅವರನ್ನೇ ಅಲ್ವಾ?"