ಟ್ಯೂಬಿನ ಏಟು

ಬಾಟಲಿಯ ಮುಚ್ಚಳ ತಿರುವಿದ್ದೇ ತಡ, ಹಸಿ ರಬ್ಬರಿನ ಘಾಟು ಮೂಗಿಗೆ ಬಡಿಯಿತು. ಅಥಣಿಯ ನಮ್ಮ ಶಾಲೆಯ ಹುಡುಗಿಯರ ಗುಡ್ಡದ ಸೈಕಲ್ಲುಗಳ ಒಳಟ್ಯೂಬು ಕಿತ್ತು ಟ್ಯೂಬ್‌ಲೆಸ್ ಮಾಡುತ್ತಿದ್ದೆ. ಟೈರಿನೊಳಗೆ ಸುರಿಯುವ ಈ ಬಿಳಿ ರಸ ಮುಳ್ಳು ಚುಚ್ಚಿದ ಕಡೆ ಹೆಪ್ಪುಗಟ್ಟಿ ತೂತು ಮುಚ್ಚುತ್ತದೆ. ಹುಡುಗಿಯರು ಮೂಗು ಹಿಡಿದುಕೊಂಡು ನಗುತ್ತಿದ್ದರು. ನನಗೆ ಮಾತ್ರ ಎಡಗಾಲಿನ ಮೀನಖಂಡ ಚುರುಕ್ ಎಂದಿತು. ನಮ್ಮ ಸೈಕಲ್ ಮಾಸ್ತರು ಹೊಡೆಯುತ್ತಿದ್ದ ಜಾಗ ಅದು…

ರಾಯಬಾಗದಲ್ಲಿ ಹೈಸ್ಕೂಲು ಓದುವಾಗ ನಾವೊಂದಿಷ್ಟು ಹುಡುಗಿಯರು ಅವರ ಕೈಕೆಳಗೆ ಪಳಗಿದವರು. ಮಾಸ್ತರು ಹಳೆಯ ಟ್ಯೂಬನ್ನು ಉದ್ದಕ್ಕೆ ಸೀಳಿ, ತುದಿಗೆ ಗಂಟು ಹಾಕಿ ಚಾಟಿಯಂತೆ ಹೆಗಲ ಮೇಲೆ ಇಳಿಬಿಟ್ಟುಕೊಂಡಿರುತ್ತಿದ್ದರು. ದಂಡಂ ದಶಗುಣಂ ಅನ್ನುತ್ತಾರಲ್ಲ, ಅವರಿಗೆ ಹತ್ತು ಗುಣ ಸಾಲುತ್ತಿರಲಿಲ್ಲ. ಕಾಲುವೆ ದಂಡೆಯ ಹಾದಿ ತುಂಬ ಜಾಲಿಮುಳ್ಳು. ಪಂಕ್ಚರ್ ಆದರೆ ಸೈಕಲ್ ಹೊಡೆಯುವವಳ ತಪ್ಪು, ಅವಳಿಗೆ ಏಟು.

"ಕಣ್ಣ ಎಲ್ಲಿಟ್ಟಿದ್ದಿ? ಮುಳ್ಳ ನಿನ್ನ ಹುಡುಕ್ಕೊಂಡ ಬಂದಿತ್ತೇನ?"

ಬೈಗುಳ ಅರ್ಧ ಮರಾಠಿ, ಅರ್ಧ ಕನ್ನಡ; ಏಟು ಮಾತ್ರ ಪೂರ್ತಿ. ಒಮ್ಮೆ ನನ್ನ ಗೆಳತಿಯ ತುಟಿ ಸೀಳಿ ಅವಳ ಬಿಳಿ ಅಂಗಿ ಕೆಂಪಾಯಿತು. ತೊಳೆದುಕೊಂಡು ಬಂದು ಸೈಕಲ್ ಹತ್ತು ಎಂದರು. ಹತ್ತಿದಳು. ಮರುದಿನದಿಂದ ಬರಲಿಲ್ಲ. ಆ ಮನುಷ್ಯ ಸಾಯಲಿ ಎಂದು ಚಿಂಚಲಿಯ ಮಾಯಕ್ಕನಿಗೆ ಹರಕೆ ಹೊತ್ತವಳು ನಾನು.

ಆದರೂ ಬಿಡುವಂತಿರಲಿಲ್ಲ. ಮನೆಯಲ್ಲಿ ಸೋದರಮಾವನ ಜೊತೆ ನನ್ನ ಮದುವೆಯ ಮಾತು ಮುಗಿಯುತ್ತ ಬಂದಿತ್ತು. ರಾಜ್ಯದ ತಂಡಕ್ಕೆ ಆಯ್ಕೆಯಾದರೆ ಕ್ರೀಡಾ ಹಾಸ್ಟೆಲು, ಓದು, ಇಲ್ಲದಿದ್ದರೆ ತಾಳಿ. ಅಪ್ಪನ ಎದುರು ಕೂತು ಈ ಮಾತು ಒಪ್ಪಿಸಿದವರೂ ಅದೇ ಮಾಸ್ತರು. "ಆಯ್ಕೆ ಆಗಲಿಲ್ಲಂದ್ರ ಮದವಿಗೆ ಅಕ್ಕಿಕಾಳ ಹಾಕಾಕ ನಾನ ಬರ್ತೀನ್ರಿ," ಎಂದಿದ್ದರು.

ಆಯ್ಕೆಯ ಸ್ಪರ್ಧೆ ಕಲ್ಲು ಮುಳ್ಳಿನ ಗುಡ್ಡದಲ್ಲಿ. ಪಂಕ್ಚರ್ ಆದರೆ ನನ್ನ ಕಥೆ ಮುಗಿದಂತೆ. ಹಿಂದಿನ ದಿನ ಮಾಸ್ತರು ಎಲ್ಲಿಂದಲೋ ಬಿಳಿ ರಸದ ಬಾಟಲಿ ತಂದು, ನನ್ನ ಗಾಲಿಗಳ ಟ್ಯೂಬ್ ಕಿತ್ತೆಸೆದರು. ರಿಮ್ಮಿಗೆ ಟೇಪು ಸುತ್ತಿ, ಸಾಬೂನು ನೀರು ಹಚ್ಚಿ ಗಾಳಿ ಹೊಡೆದಾಗ ಮುಂದಿನ ಟೈರು ಕೂತಿತು. ಹಿಂದಿನದು ಕೂರಲಿಲ್ಲ, ಅಂಚಿನಿಂದ ಗಾಳಿ ಬುಸ್ಸೆಂದು ಹೊರಗೆ ಹೋಗುತ್ತಿತ್ತು. ಉಗಾರ ಖುರ್ದದಲ್ಲಿ ಕಬ್ಬಿನ ಟ್ರೇಲರುಗಳ ಪಂಕ್ಚರ್ ತೆಗೆಯುವ ಅಂಗಡಿಗೆ ಗಾಲಿ ಹೊತ್ತುಕೊಂಡು ಹೋದೆವು. ಅಲ್ಲಿನ ಕಂಪ್ರೆಸರಿಗೂ ಅದು ಮಣಿಯಲಿಲ್ಲ.

"ಟ್ರೇಲರ್ ಟಾಯರ್ ಹಿಂಗ ಹಟ ಮಾಡಿದ್ರ ನಾವು ಪೆಟ್ರೋಲ್ ಚುಮುಕಿಸಿ ಕಡ್ಡಿ ಗೀರ್ತೀವ್ರಿ. ಢಂ ಅಂತ ಕೂಡ್ತೈತಿ," ಎಂದ ಅಂಗಡಿಯವ. ಮಾಸ್ತರ ಮುಖ ನೋಡಿ ಗಾಬರಿಯಾಗಿ, "ಆದ್ರ ಇದು ಸೈಕಲ್ ಐತ್ರಿ. ಬ್ಯಾಡ್ರಿ," ಎಂದ.

ಬೇಡ ಎಂದದ್ದನ್ನು ಬಿಡುವ ಜೀವ ಅದಲ್ಲ. ನನ್ನ ರಟ್ಟೆ ಹಿಡಿದು ಹಿಂದಕ್ಕೆ ನೂಕಿದರು. ಬಿದ್ದ ರಭಸಕ್ಕೆ ಮೊಣಕೈ ಜಾಕಿಗೆ ಬಡಿದು ರಕ್ತ ಬಂತು. ಟೈರಿಗೆ ಪೆಟ್ರೋಲ್ ಚಿಮುಕಿಸಿ ಕಡ್ಡಿ ಗೀರಿದರು. ಸಿಡಿದ ಸದ್ದಿಗೆ ಕಿವಿ ಗುಂಯ್ಯೆಂದಿತು. ಕಣ್ಣು ಬಿಟ್ಟಾಗ ಟೈರು ಕೂತಿತ್ತು, ಮಾಸ್ತರ ಬಲಗೈ ಉರಿಯುತ್ತಿತ್ತು. ಅಂಗಡಿಯವ ಗೋಣಿಚೀಲ ಸುತ್ತಿ ಆರಿಸಿದ. ಚೀಲ ಬಿಡಿಸಿದಾಗ ಚರ್ಮ ಅದಕ್ಕೇ ಅಂಟಿಕೊಂಡು ಬಂತು.

"ಗಾಳಿ ಹಾಕ, ಹುಡುಗಿ. ಆರಿದ್ರ ಟಾಯರ್ ಮತ್ತ ಬಿಡ್ತೈತಿ," ಎಂದರು ಹಲ್ಲು ಕಚ್ಚಿ. ಹಾಕಿದೆ. "ಈಗ ವಾಲ್ವಿನಾಗಿಂದ ರಸಾ ಸುರುವು. ಒಂದ ಹನಿ ಚೆಲ್ಲಬ್ಯಾಡ."

ಮರುದಿನ ಗುಡ್ಡ ಇಳಿಯುವಾಗ ಹಿಂದಿನ ಗಾಲಿಯಿಂದ ಬಿಳಿ ಹನಿ ಚಿಮ್ಮಿ ಬೆನ್ನಿಗೆ ಬಿತ್ತು. ಗಾಳಿ ಇಳಿಯಲಿಲ್ಲ. ಆಯ್ಕೆಯಾದೆ. ಕೈಗೆ ಬ್ಯಾಂಡೇಜು ಸುತ್ತಿಕೊಂಡು ನಿಂತಿದ್ದ ಮಾಸ್ತರು ಶಹಬ್ಬಾಸ್ ಅನ್ನಲಿಲ್ಲ. ಟೈರಿಗೆ ನಟ್ಟಿದ್ದ ಮುಳ್ಳನ್ನು ನಾನು ಕೀಳಲು ಹೋದಾಗ, "ಇರ್ಲಿ ಬಿಡು. ಮನಿ ಮುಟ್ಟೂತನಕ ಕೀಳಬ್ಯಾಡ," ಎಂದರು ಅಷ್ಟೇ.

ಸುಟ್ಟ ಕೈ ಅವರನ್ನು ಮೆತ್ತಗೆ ಮಾಡಿತು ಎಂದು ಬರೆದರೆ ಓದಲು ಚೆಂದ. ಹಾಗಾಗಲಿಲ್ಲ. ಬಲಗೈ ಬೆರಳುಗಳು ಸೊಟ್ಟಗಾದವು, ಟ್ಯೂಬು ಎಡಗೈಗೆ ಬಂತು, ಗುರಿ ಕೆಡಲಿಲ್ಲ. ಅವರು ತೀರಿಕೊಂಡ ಸುದ್ದಿ ಬಂದ ದಿನ ಬಸ್ ಸ್ಟ್ಯಾಂಡಿನವರೆಗೆ ಹೋಗಿ ತಿರುಗಿ ಬಂದೆ… ನನ್ನ ಈ ಬದುಕು ಆ ಕೈಯಿಂದ ಬಂದದ್ದು. ಆ ಕೈಯ ಮೇಲಿನ ಸಿಟ್ಟು ಇನ್ನೂ ಇಳಿದಿಲ್ಲ.

ಇವತ್ತು ಟೈರುಗಳೆಲ್ಲ ಸಾಬೂನು ನೀರಿಗೇ ಟಪ್ಪೆಂದು ಕೂತವು. ನೋಡಿ, ಇದರಲ್ಲೂ ಒಂದು ತಪ್ಪು ಹುಡುಕಲು ಆ ಮನುಷ್ಯ ಇಲ್ಲ. ಕಿತ್ತ ಟ್ಯೂಬುಗಳ ರಾಶಿಯ ಮುಂದೆ ಕತ್ತರಿ ಹಿಡಿದು ಕೂತು, ಒಂದೊಂದನ್ನೇ ಚೂರು ಮಾಡತೊಡಗಿದೆ.

"ಇಷ್ಟ ಸಣ್ಣಗ ಯಾಕ್ರಿ ಟೀಚರ್? ಸಾಮಾನ ಕಟ್ಟಾಕರ ಬರ್ತಿದ್ದುವಲ್ರಿ," ಎಂದಳು ಒಬ್ಬಳು.

"ಬ್ಯಾಡವಾ. ಉದ್ದ ಇರಬಾರ್ದು."

ಕೊನೆಯದನ್ನು ಕತ್ತರಿಸುವ ಮೊದಲು, ಯಾಕೋ ಏನೋ, ಸೀಳಿ ಹೆಗಲ ಮೇಲೆ ಇಳಿಬಿಟ್ಟೆ. ಭಾರವೇ ಇರಲಿಲ್ಲ. ನನ್ನ ಮುಖ ನೋಡಿ ಹುಡುಗಿಯರ ನಗು ನಿಂತುಹೋಯಿತು. ಅದನ್ನು ತೆಗೆದು, ಎಲ್ಲಕ್ಕಿಂತ ಸಣ್ಣಗೆ ಕತ್ತರಿಸಿದೆ.