ಆಸನ ಅಲ್ಲ, ಹಾಸನ

ಸರ್ಕಾರದವರು ಹೆಂಗಸರಿಗೆ ಬಸ್ಸು ಪುಕ್ಕಟೆ ಮಾಡಿದ ಮರುವರ್ಷದ ಮಾತು. ಹಳ್ಳಿಮೈಸೂರು ಕಡೆಯ ನಮ್ಮೂರಿಂದ ಸಕಲೇಶಪುರದ ಆಚೆ ಇರುವ ಮಂಜರಾಬಾದ್ ಕೋಟೆಗೆ ನಾನೊಬ್ಬಳೇ ಹೋಗಿ, ಅದೇ ದಿನ ಮನೆ ಸೇರಿದೆ. ಇದೇನು ದೊಡ್ಡದು ಅನ್ನಬೇಡಿ. ಎರಡನೇ ಕ್ಲಾಸಿಗೇ ಶಾಲೆ ಬಿಟ್ಟವಳು ನಾನು. ಅರವತ್ತು ವರ್ಷ ದಾಟುವವರೆಗೂ ಬಸ್ಸಿನ ಬೋರ್ಡು ನನಗೆ ಬರೀ ಬಣ್ಣದ ತಗಡು.

ನನಗೆ ಅಕ್ಷರ ಕಲಿಸಿದ್ದು ಮೊಮ್ಮಗಳು ಸಿಂಚನ. ಆಗವಳು ಐದನೇ ಕ್ಲಾಸು. ಸಂಜೆ ನಾನು ಅವರೆಕಾಯಿ ಬಿಡಿಸುತ್ತಾ ಕೂತರೆ ಎದುರಿಗೆ ಸ್ಲೇಟು ಹಿಡಿದು ಕೂರುತ್ತಿದ್ದಳು. ತಪ್ಪಿದರೆ ಅವರೆಕಾಯಿ ಸಿಪ್ಪೆಯಲ್ಲೇ ಕೈಗೆ ಒಂದೇಟು! 'ಹ' ಅಕ್ಷರದ ಪಕ್ಕ ಹಸುವಿನ ಚಿತ್ರವಿತ್ತು. ಅವಳು "ಅಸು" ಅಂದಳು, ನಾನೂ "ಅಸು" ಅಂದೆ. ನಮ್ಮ ಕಡೆ ಎಲ್ಲರ ಬಾಯಲ್ಲೂ ಅದು ಅಸುವೇ.

ಆ ವರ್ಷ ಅವಳ ಶಾಲೆಯವರು ಕೋಟೆಗೆ ಪ್ರವಾಸ ಹೋಗಿದ್ದರು. ನಕ್ಷತ್ರದ ಹಾಗೆ ಕಟ್ಟಿರುವ ಕೋಟೆ, ನೆಲದೊಳಗೆ ಗವಿಯಂಥ ಕೋಣೆ, ಸುತ್ತ ಕಾಡು ಅಂತ ವಾರವೆಲ್ಲ ಅದನ್ನೇ ಹೇಳಿದಳು. "ನಂಗೂ ನೋಡ್ಬೇಕು ಕಣವ್ವ" ಅಂದೆ.

ಅವಳಪ್ಪ ರಂಗಸ್ವಾಮಿ, ನನ್ನ ಮಗ, ಊಟಕ್ಕೆ ಕೂತಿದ್ದವನು ನಕ್ಕುಬಿಟ್ಟ. "ಬುಡವ್ವ, ನೀನು ನರಸೀಪುರದಲ್ಲಿ ಬಸ್ ಅತ್ತುದ್ರೆ ಅರಕಲಗೂಡಲ್ಲಿ ಇಳೀತೀಯ."

ಸಿಂಚನಳಿಗೆ ರೇಗಿತು. "ನಮ್ಮಜ್ಜಿ ಒಬ್ಳೇ ಓಗ್ಬತ್ತಾಳೆ. ಬಸ್ ಯಾವ್ದು ಅಂತ ಒಬ್ರುನ್ನೂ ಕೇಳಾಕಿಲ್ಲ, ಬೋರ್ಡ್ ಓದ್ಕೊಂಡೇ ಓಯ್ತಾಳೆ. ಕಲ್ಸಿರೋಳು ನಾನು!"

"ಅಂಗೇನಾದ್ರೂ ಬಂದ್ಬುಟ್ರೆ ನನ್ ಮೀಸೆ ಬೋಳಿಸ್ಕೋತೀನಿ ಕಣೇ."

ಮೀಸೆ ಅವನದು, ಮಾನ ಆ ಕೂಸಿನದು. ಅವಳು ಕಲಿಸಿದ್ದು ಸುಳ್ಳಾಗಬಾರದು ಅಂತ ಆವತ್ತೇ ಗಟ್ಟಿ ಮಾಡಿಕೊಂಡೆ. ಕೋಟೆಯ ಬೋರ್ಡಿನ ಮೇಲಿರುವುದನ್ನು ಬರೆದುಕೊಂಡು ಬಾ, ಅದೇ ಸಾಕ್ಷಿ ಅಂತ ಒಂದು ನೋಟ್‌ಬುಕ್ಕು, ಪೆನ್ಸಿಲ್ಲು ಕೊಟ್ಟಳು.

ಬೆಳಿಗ್ಗೆ ಹೊಳೆನರಸೀಪುರದ ಬಸ್ ಸ್ಟ್ಯಾಂಡಿನಲ್ಲಿ ನಿಂತೆ. ಮೊದಲು ಹಾಸನಕ್ಕೆ ಹೋಗಬೇಕು. ಬೋರ್ಡಿನಲ್ಲಿ 'ಆ' ಹುಡುಕಿದೆ. ಎರಡು ಬಸ್ಸು ಬಂದು ಹೋದವು, ಎರಡರಲ್ಲೂ 'ಆ' ಇಲ್ಲ. ಮೂರನೆಯದು ಬಂದು ಪಕ್ಕದಲ್ಲೇ ನಿಂತಿತು. ಕಿಟಕಿಯೊಳಗೆ ಸೀಟಿನ ಮೇಲೆ ಕೆಂಪಗೆ ಬರೆದಿತ್ತು. ಮೊದಲೆರಡು ಪದ ಬಿಟ್ಟು, 'ಆ' ಕಂಡ ಕೊನೆಯದನ್ನು ಕೂಡಿಸಿ ಓದಿದೆ. ಆ... ಸ... ನ. ಮೈಯೆಲ್ಲ ಜುಮ್ಮೆಂದಿತು! ಮುಂದಿನ ಬೋರ್ಡು ನೋಡುವ ಗೋಜಿಗೇ ಹೋಗದೆ ಹತ್ತಿ ಅದೇ ಸೀಟಿನಲ್ಲಿ ಕೂತೆ.

ಊರು ದಾಟಿದ ಮೇಲೆ ಕಂಡಕ್ಟರ್ ಹೆಣ್ಣುಮಗಳು ಬಂದಳು. "ಎಲ್ಲಿಗಜ್ಜಿ?"

"ಆಸನಕ್ಕೆ ಕಣವ್ವ."

"ಅಯ್ಯೋ, ಇದು ಅರಕಲಗೂಡು ಬಸ್ಸು!"

"ಏನಂಗಂತೀಯ? ಇಲ್ಲೇ ಬರ್ದದಲ್ಲ, ಆಸನ ಅಂತ!"

ಆಕೆ ತಲೆಯೆತ್ತಿ ನೋಡಿದಳು. 'ಹಿರಿಯ ನಾಗರಿಕರ ಆಸನ.' ಹಿಂದಿನ ಸೀಟಿನವರೆಲ್ಲ ಗೊಳ್ಳೆಂದರು. ನನಗೆ ಅಳುವೇ ಬಂತು. ಮಗ ಆಡಿದ ಮಾತು ಅಕ್ಷರ ತಪ್ಪದೆ ನಿಜವಾಗುತ್ತಿತ್ತಲ್ಲ!

ಆಕೆ ನಗಲಿಲ್ಲ. ಪಕ್ಕದಲ್ಲಿ ಕೂತು ಟಿಕೆಟ್ಟಿನ ಹಿಂದೆ ದಪ್ಪಗೆ 'ಹಾಸನ' ಅಂತ ಬರೆದುಕೊಟ್ಟಳು. "ನೋಡಜ್ಜಿ, ಆಸನ ಅಂದ್ರೆ ಕೂರೋ ಸೀಟು. ಊರು ಹಾಸನ. 'ಹ'ನ ನಾವು ಬಾಯಲ್ಲಿ ನುಂಗ್ಬುಡ್ತೀವಿ, ಬೋರ್ಡ್ ಬರೆಯೋರು ನುಂಗಾಕಿಲ್ಲ."

ನೋಡುತ್ತೇನೆ, ಅದು ನಮ್ಮ ಹಸುವಿನ ಅಕ್ಷರ! ಆ ಅಕ್ಷರದ ಬಸ್ಸು ಎರಡೆರಡು ನನ್ನ ಮೂಗಿನ ಮುಂದೆಯೇ ಹೋಗಿದ್ದವು. ಅರಕಲಗೂಡಿನಲ್ಲಿ ತಾನೇ ಹತ್ತಿಸುತ್ತೇನೆ ಅಂದಳು. "ಬ್ಯಾಡ ಕಣ್ ತಾಯಿ, ಪಂದ್ಯ ಅದೆ" ಅಂದೆ.

ಅರಕಲಗೂಡಿನಲ್ಲಿ ಟಿಕೆಟ್ಟು ಕೈಯಲ್ಲಿ ಹಿಡಿದು ಒಂದೊಂದೇ ಬೋರ್ಡಿಗೆ ಹೋಲಿಸಿ ನೋಡಿ, ಹಾಸನದ ಬಸ್ಸು ಹತ್ತಿದೆ. ಹಾಸನದಲ್ಲಿ 'ಸಕಲೇಶಪುರ' ಓದಿದೆ. ಅಲ್ಲಿಂದ ಮಂಗಳೂರು ದಾರಿಯ ಬಸ್ಸು ಕೋಟೆಯ ಹತ್ತಿರ ಇಳಿಸಿತು.

ಮೆಟ್ಟಿಲು ಹತ್ತುವಾಗ ಮೂರು ಕಡೆ ಕೂತೆ. ಮೇಲೆ ಹೋಗಿ ನಿಂತರೆ ಸುತ್ತಲೂ ಹಸಿರು ಬೆಟ್ಟ, ಮಧ್ಯೆ ಕೋಟೆ ಚೂಪು ಚೂಪಾಗಿ ಚಾಚಿಕೊಂಡಿದೆ. ರಂಗೋಲಿಯ ನಕ್ಷತ್ರದೊಳಗೆ ಇರುವೆ ಹೊಕ್ಕಹಾಗೆ ನಾನು. ನೆಲದೊಳಗಿನ ಕೋಣೆಗೂ ಇಳಿದೆ. ಹಿಂದೆ ಮದ್ದುಗುಂಡು ಇಡುತ್ತಿದ್ದರಂತೆ. ಒಳಗೆ ತಣ್ಣಗೆ, ಕತ್ತಲೆ, ಯಾರೂ ಇಲ್ಲ. ಹೊಟ್ಟೆಯಿಂದ ಉಸಿರೆಳೆದು "ಹಸು!" ಅಂದೆ. ಗೋಡೆಗಳೂ ಅಂದವು. "ಹಾಸನ!" ಅಂದೆ, ಅದನ್ನೂ ಅಂದವು. ಒಂದು 'ಹ' ಕೂಡ ನುಂಗಲಿಲ್ಲ.

ಹೊರಗೆ ಬಂದು ಬೋರ್ಡಿನ ಮುಂದೆ ಕೂತು 'ಸಂರಕ್ಷಿತ ಸ್ಮಾರಕ' ಅಂತ ಬರೆದುಕೊಂಡೆ. ಆ ಎರಡು ಪದಕ್ಕೆ ಅರ್ಧ ಗಂಟೆ ಹಿಡಿಯಿತು.

ವಾಪಸ್ಸು ಬರುವಾಗ ಹಾಸನದ ಸ್ಟ್ಯಾಂಡಿನಲ್ಲಿ ನನ್ನ ವಯಸ್ಸಿನವಳೇ ಒಬ್ಬಳು ಗಂಟು ಹಿಡಿದು ನಿಂತಿದ್ದಳು. "ಅಕ್ಕಾ, ನರಸೀಪುರದ ಬಸ್ ಯಾವ್ದಕ್ಕಾ?" ಅಂತ ಕೇಳಿದಳು. ನನ್ನನ್ನು! ಬದುಕಿನಲ್ಲಿ ಮೊದಲ ಸಲ ಬಸ್ಸು ಯಾವುದು ಅಂತ ನನ್ನನ್ನು ಒಬ್ಬರು ಕೇಳಿದ್ದು. ಎದುರಿಗೆ ನಿಂತಿದ್ದ ಬೋರ್ಡು ನೋಡಿ ಗಟ್ಟಿಯಾಗಿ ಓದಿದೆ. "ಹೊ-ಳೆ-ನ-ರ-ಸೀ-ಪು-ರ. ಇದೇ ಕಣವ್ವ, ಅತ್ತು." ದಾರಿಯುದ್ದಕ್ಕೂ ಅವಳಿಗೆ ಮೊಮ್ಮಗಳ ಕಥೆಯೇ.

ದೀಪ ಹಚ್ಚುವ ಹೊತ್ತಿಗೆ ಮನೆಗೆ ಬಂದೆ. ಅರಕಲಗೂಡಿನ ವಿಷಯ ಮುಚ್ಚಿಡಬಹುದಿತ್ತು, ಆದರೆ ಮಗುವಿನ ಮುಖ ನೋಡಿ ಸುಳ್ಳು ಬರಲಿಲ್ಲ. ಎಲ್ಲ ಹೇಳಿದೆ. ರಂಗ ತೊಡೆ ತಟ್ಟಿದ. "ಇಳುದ್ಲಲ್ಲ ಅರಕಲಗೂಡಲ್ಲಿ! ನಾನ್ ಗೆದ್ದೆ!"

"ಇರಪ್ಪ. ಅಜ್ಜಿ, ಬಸ್ ಯಾವ್ದು ಅಂತ ಯಾರ್ನಾದ್ರೂ ಕೇಳುದ್ಯಾ?"

"ಇಲ್ಲ ಕಣವ್ವ. ನನ್ನನ್ನೇ ಒಬ್ಳು ಕೇಳುದ್ಲು."

"ಅಂಗಾದ್ರೆ ಅಜ್ಜಿ ಗೆದ್ಲು. ತಪ್ಪು ಮೇಷ್ಟ್ರುದು. ನಾನೇ 'ಅಸು' ಅಂತ ಕಲ್ಸುಬುಟ್ಟಿದ್ದೆ" ಅಂದು, ನೋಟ್‌ಬುಕ್ಕು ನೋಡಿ ಹತ್ತಕ್ಕೆ ಒಂಬತ್ತು ಕೊಟ್ಟಳು. 'ಸ್ಮಾ'ದ ಒತ್ತು ತಿರುಗಾಮುರುಗಾ ಆಗಿತ್ತಂತೆ.

ರಂಗ ಮಾತಿಗೆ ತಪ್ಪಲಿಲ್ಲ. ಮಾರನೇ ದಿನವೇ ಬೋಳು ಮುಖ ಹೊತ್ತು ಬಂದ, ಊರೆಲ್ಲ ಕಾರಣ ಕೇಳಿತು, ನಾನು ಊರಿಗೆಲ್ಲ ಹೇಳಿದೆ! ಆ ಮೀಸೆ ತಿಂಗಳಲ್ಲೇ ಬೆಳೆಯಿತು. ಟಿಕೆಟ್ಟು ಮಾತ್ರ ಇವತ್ತಿಗೂ ನನ್ನ ಎಲೆಯಡಿಕೆ ಚೀಲದಲ್ಲಿದೆ. ಇದನ್ನು ನಾನೇ ಬರೆದೆ, ಸಿಂಚನ ತಿದ್ದಿದಳು. ಒತ್ತಕ್ಷರ ಬೇಕಾದಷ್ಟು ತಪ್ಪಿದ್ದವಂತೆ. 'ಹ' ಮಾತ್ರ ಒಂದೂ ಬಿಟ್ಟಿರಲಿಲ್ಲ.